ಕೊಡಗಿನ ಹಾಕಿ: ಒಂದು ಪ್ರದೇಶದ ಅಂತಾರಾಷ್ಟ್ರೀಯ ಯಶಸ್ಸಿನ ಕಾರಣಗಳು

ಕರ್ನಾಟಕದ ನೈಋತ್ಯದಲ್ಲಿ ಪಶ್ಚಿಮಘಟ್ಟಕ್ಕೆ ಒರಗಿಕೊಂಡಿರುವ ಕೊಡಗು ಜಿಲ್ಲೆ ಭಾರತದ ಹಾಕಿ ತಂಡಕ್ಕೆ ಹಲವು ತಲೆಮಾರುಗಳಿಂದ ಆಟಗಾರರನ್ನು ಕೊಡುತ್ತ ಬಂದಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಇದು ರಾಜ್ಯದ ಜನಸಂಖ್ಯೆಯ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಆದರೂ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ಪುರುಷರ ತಂಡದ ಹದಿನಾರು ಮಂದಿಯಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಮತ್ತು ನಿಕ್ಕಿನ್ ತಿಮ್ಮಯ್ಯ, ಹೀಗೆ ನಾಲ್ವರು ಕೊಡಗು ಮೂಲದವರಾಗಿದ್ದರು. ಇಷ್ಟು ಸಣ್ಣ ಪ್ರದೇಶ ಒಂದು ಆಟದಲ್ಲಿ ಇಷ್ಟು ದೊಡ್ಡ ಪಾಲು ಪಡೆದದ್ದು ಹೇಗೆ, ಆ ಪಾಲು ಉಳಿಯಲು ಅಥವಾ ಕರಗಲು ಕಾರಣಗಳೇನು ಎಂಬುದು ಪ್ರಾದೇಶಿಕ ಕ್ರೀಡಾಪಟುಗಳ ಯಶಸ್ಸಿನ ಅಧ್ಯಯನಕ್ಕೆ ಒಳ್ಳೆಯ ನಿದರ್ಶನ.

ನಾಡು ಮತ್ತು ಜನ

ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಕಾಫಿ, ಕರಿಮೆಣಸು, ಏಲಕ್ಕಿ ಇಲ್ಲಿನ ಮುಖ್ಯ ಬೆಳೆಗಳು. ಬಯಲಿನಲ್ಲಿ ಭತ್ತದ ಗದ್ದೆಗಳಿವೆ. ಕೊಡವರು, ಅರೆಭಾಷೆ ಗೌಡರು, ಕನ್ನಡ, ತುಳು ಮತ್ತು ಮಲಯಾಳ ಮಾತಾಡುವ ಸಮುದಾಯಗಳು, ಯರವ ಮತ್ತು ಕುರುಬ ಬುಡಕಟ್ಟುಗಳವರು ಇಲ್ಲಿ ನೆಲೆಸಿದ್ದಾರೆ. ಕೊಡವರಲ್ಲಿ ಒಂದು ಮೂಲಪುರುಷನ ಸಂತತಿಯನ್ನು ‘ಒಕ್ಕ’ ಎನ್ನುತ್ತಾರೆ. ಒಕ್ಕಕ್ಕೆ ಒಂದು ಮನೆತನದ ಹೆಸರು, ಒಂದು ಐನ್‌ಮನೆ (ಮೂಲಮನೆ) ಇರುತ್ತದೆ. ಸೈನ್ಯಕ್ಕೆ ಸೇರುವುದು ಇಲ್ಲಿ ಗೌರವದ ಕಸುಬು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮತ್ತು ಜನರಲ್ ಕೆ.ಎಸ್. ತಿಮ್ಮಯ್ಯ ಈ ನಾಡಿನವರು. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಓಟ, ಹಗ್ಗಜಗ್ಗಾಟ ನಡೆಯುತ್ತವೆ. ಆಟವಾಡುವುದು ಇಲ್ಲಿ ಓದು ಬಿಟ್ಟವರ ಕೆಲಸವೆಂಬ ಭಾವನೆ ಇಲ್ಲ. ಹಬ್ಬದ ಆಚರಣೆಯಲ್ಲೇ ಅದಕ್ಕೆ ಜಾಗವಿದೆ.

ಆಟಗಾರರ ಪರಂಪರೆ

ಅಂತಾರಾಷ್ಟ್ರೀಯ ಮಟ್ಟದಲ್ಲಿ ಕೊಡಗಿನ ಹೆಸರನ್ನು ನಿಲ್ಲಿಸಿದವರಲ್ಲಿ ಮೊಳ್ಳೇರ ಪೂವಯ್ಯ ಗಣೇಶ್ ಪ್ರಮುಖರು. ಜಿಲ್ಲೆಯ ಪರ ಫುಟ್‌ಬಾಲ್ ಆಡುತ್ತಿದ್ದ ಗಣೇಶ್ ಅನಂತರ ಹಾಕಿಗೆ ತಿರುಗಿ 1966ರಿಂದ 1973ರವರೆಗೆ ಸೇನಾಪಡೆಗಳ ಸರ್ವಿಸಸ್ ತಂಡದಲ್ಲಿದ್ದರು. 1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಕಂಚು ಗೆದ್ದ ತಂಡದಲ್ಲೂ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲೂ ಅವರಿದ್ದರು. 1973ರ ಆಮ್‌ಸ್ಟರ್‌ಡ್ಯಾಮ್ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ತಂಡ ಬೆಳ್ಳಿ ಪಡೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಸೋಮವಾರಪೇಟೆಯ ಬಿ.ಪಿ. ಗೋವಿಂದ ಮ್ಯೂನಿಕ್ ತಂಡದಲ್ಲಿ ಗಣೇಶ್ ಜೊತೆಗಿದ್ದರು. ವೇಗದ ಫಾರ್ವರ್ಡ್ ಆಗಿದ್ದ ಅವರು 1973ರ ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಆಟದಲ್ಲಿ ಪೆನಾಲ್ಟಿ ಸ್ಟ್ರೋಕ್ ಕೈತಪ್ಪಿಸಿಕೊಂಡರು. ಎರಡು ವರ್ಷಗಳ ಬಳಿಕ, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದ ಸದಸ್ಯರಾದರು. ಭಾರತದ ಪುರುಷರು ವಿಶ್ವಕಪ್ ಗೆದ್ದದ್ದು ಅದೊಂದೇ ಸಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲೂ ಅವರು ಆಡಿದರು. ಮನೆಯಪಂಡ ಮುತ್ತಣ್ಣ ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು, 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆಡಿ, 1988ರಲ್ಲಿ ಸೋಲ್‌ಗೆ ತಂಡದ ನಾಯಕರಾಗಿ ಹೋದರು. ಗೋಲ್ ಕೀಪರ್ ಎ.ಬಿ. ಸುಬ್ಬಯ್ಯ 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ, ಚೆಪ್ಪುಡೀರ ಪೂಣಚ್ಚ 1992ರಲ್ಲಿ, ಸೋಮವಾರಪೇಟೆಯ ಅರ್ಜುನ್ ಹಾಲಪ್ಪ 2004ರ ಅಥೆನ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತ ಅರ್ಹತೆಯನ್ನೇ ಪಡೆಯಲಿಲ್ಲ. ಮುಂದೆ ತಂಡವನ್ನು ಮತ್ತೆ ಕಟ್ಟುವ ಹೊತ್ತಿಗೆ ಕೊಡಗಿನ ಇನ್ನೊಂದು ತಲೆಮಾರು ಸಿದ್ಧವಾಗಿತ್ತು. 2012ರ ಲಂಡನ್ ತಂಡದಲ್ಲಿ ರಘುನಾಥ್, ಸುನಿಲ್ ಮತ್ತು ಉತ್ತಪ್ಪ ಇದ್ದರು. ಆ ಕೂಟದಲ್ಲಿ ಭಾರತ ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನಕ್ಕೆ ಇಳಿಯಿತು. ಎರಡೇ ವರ್ಷಗಳಲ್ಲಿ, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ, ತಂಡ ಚಿನ್ನ ಗೆದ್ದು ರಿಯೊಗೆ ನೇರ ಅರ್ಹತೆ ಪಡೆದುಕೊಂಡಿತು. ಆ ತಂಡದಲ್ಲಿ ಪೆನಾಲ್ಟಿ ಕಾರ್ನರ್ ಹೊಡೆಯುವ ಡಿಫೆಂಡರ್ ಆಗಿ ರಘುನಾಥ್, ಬಲ ಅಂಚಿನಲ್ಲಿ ಮಿಂಚಿನಂತೆ ನುಗ್ಗುವ ಫಾರ್ವರ್ಡ್ ಆಗಿ ಸುನಿಲ್ ಇದ್ದರು. ಸುನಿಲ್ ಅವರ ಪೂರ್ಣ ಹೆಸರು ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ಊರಿನ ಹೆಸರನ್ನು ಇನಿಷಿಯಲ್‌ನಲ್ಲೇ ಹೊತ್ತು ಅವರು ದಶಕಕ್ಕೂ ಹೆಚ್ಚು ಕಾಲ ದೇಶಕ್ಕಾಗಿ ಆಡಿದರು.

ಯಶಸ್ಸಿಗೆ ಹೇಳಲಾಗುವ ಕಾರಣಗಳು

ಹುಟ್ಟುಗುಣ ಮತ್ತು ಹವೆ. ಕೊಡಗಿನವರ ಮೈಕಟ್ಟು, ಬೆಟ್ಟದ ಗಾಳಿ, ‘ರಕ್ತದಲ್ಲೇ ಇರುವ’ ಕೆಚ್ಚು ಎಂಬ ವಿವರಣೆ ಜನಜನಿತ. ಇದಕ್ಕೆ ಆಧಾರ ದುರ್ಬಲ. ಎತ್ತರದ ಪ್ರದೇಶದಲ್ಲಿ ಬೆಳೆದವರ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಕೀನ್ಯಾದ ಇಟೆನ್‌ನಂಥ, ಸುಮಾರು 2,400 ಮೀಟರ್ ಎತ್ತರದ ಊರುಗಳಿಗೆ ಸಲ್ಲುತ್ತದೆ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್ ಮಾತ್ರ. ಜಿಲ್ಲೆಯ ಹೆಚ್ಚಿನ ಊರುಗಳು ಅದಕ್ಕಿಂತ ಕೆಳಗಿವೆ. ಅದೂ ಅಲ್ಲದೆ ಆಟಗಾರರು ಒಂದೇ ಸಮುದಾಯದವರಲ್ಲ. ಸೋಮವಾರಪೇಟೆ ಕಡೆಯಿಂದ ಬಂದವರ ಸಾಧನೆ ದಕ್ಷಿಣ ಕೊಡಗಿನವರ ಸಾಧನೆಗೆ ಕಡಿಮೆಯಿಲ್ಲ. ಹವೆ ನಿಜಕ್ಕೂ ಮಾಡುವುದು ಇನ್ನೊಂದು ಕೆಲಸ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮಣ್ಣಿನ ಮೈದಾನಗಳನ್ನು ಕೆಸರಾಗಿಸಿ ಆಟವನ್ನೇ ನಿಲ್ಲಿಸುತ್ತದೆ.

ಸೈನ್ಯ. ಇದು ಅತಿ ಹಳೆಯ ಮತ್ತು ಅತಿ ಗಟ್ಟಿಯಾದ ಕಾರಣ. ಬ್ರಿಟಿಷ್ ಕಾಲದಿಂದಲೂ ಭಾರತದ ದಂಡುಪ್ರದೇಶಗಳಲ್ಲಿ ಹಾಕಿ ರೆಜಿಮೆಂಟುಗಳ ಆಟವಾಗಿತ್ತು. ಮೈದಾನ, ಕೋಲು, ಊಟ, ಬಿಡುವು, ಪಂದ್ಯ ಎಲ್ಲವನ್ನೂ ಪಲ್ಟಣವೇ ಒದಗಿಸುತ್ತಿತ್ತು. ಕೊಡಗಿನಿಂದ ಸೈನ್ಯಕ್ಕೆ ಹೋದವರು ಅಲ್ಲಿ ಕಲಿತ ಆಟವನ್ನು ರಜೆಯಲ್ಲಿ ಊರಿಗೆ ತಂದರು. ನಿವೃತ್ತರಾಗಿ ಮರಳಿದವರು ಊರ ಹುಡುಗರಿಗೆ ಹೇಳಿಕೊಟ್ಟರು. ಫುಟ್‌ಬಾಲ್ ಆಡುತ್ತಿದ್ದ ಗಣೇಶ್ ಸರ್ವಿಸಸ್ ತಂಡದ ಮೂಲಕ ಭಾರತದ ನಾಯಕರಾದದ್ದು ಈ ದಾರಿಯ ಅತ್ಯುತ್ತಮ ಉದಾಹರಣೆ. ಅವರ ಪ್ರತಿಭೆ ಊರಿನದು. ಅದಕ್ಕೆ ಸಾಣೆ ಹಿಡಿದದ್ದು ಸೈನ್ಯದ ವ್ಯವಸ್ಥೆ.

ಶಾಲೆ ಮತ್ತು ಗದ್ದೆ. ಕೊಡಗಿನ ಶಾಲೆಗಳಲ್ಲಿ ಹಾಕಿ ಬಹುಕಾಲದಿಂದ ಮುಖ್ಯ ಆಟ. ಬೇರೆಡೆ ದೈಹಿಕ ಶಿಕ್ಷಣದ ಪೀರಿಯಡ್ ಎಂದರೆ ಕಬಡ್ಡಿ, ಕೊಕ್ಕೊ ಆದರೆ ಇಲ್ಲಿ ಹಾಕಿ ಕೋಲು ಕೈಗೆ ಬರುತ್ತದೆ. ಕೊಯ್ಲು ಮುಗಿದ ಮೇಲೆ ಗದ್ದೆಯ ಕೂಳೆಗಳನ್ನು ಸವರಿ ಸಮ ಮಾಡಿದರೆ ಅದೇ ಮೈದಾನ. ಕೊಳ್ಳಲು ಆಗದ ಮಕ್ಕಳು ಬಾಗಿದ ಕೊಂಬೆಯನ್ನು ಕಡಿದು ಕೆತ್ತಿ ಕೋಲು ಮಾಡಿಕೊಳ್ಳುತ್ತಿದ್ದರು. ಏರುಪೇರಾದ ನೆಲದಲ್ಲಿ ಚೆಂಡು ಎತ್ತ ನೆಗೆಯುತ್ತದೋ ಹೇಳಲಾಗದು. ಅಂಥ ನೆಲದಲ್ಲಿ ಕಲಿತವರಿಗೆ ಚೆಂಡಿನ ಮೇಲಿನ ಹಿಡಿತವೂ ಮಣಿಕಟ್ಟಿನ ಚುರುಕೂ ಎಳವೆಯಲ್ಲೇ ಬರುತ್ತವೆ. ಇಪ್ಪತ್ತನೆಯ ಶತಮಾನದ ಭಾರತೀಯ ಹಾಕಿಗೆ ಬೇಕಾಗಿದ್ದ ಗುಣಗಳೇ ಇವು.

ಉದ್ಯೋಗ. ಪ್ರತಿಭಾವಂತ ಹುಡುಗ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆಟ ಬಿಡದೆ ಉಳಿಯಬೇಕಾದರೆ ಸಂಬಳ ಬೇಕು. ಕೊಡಗಿನ ಆಟಗಾರರಿಗೆ ಸೈನ್ಯದ ಬಳಿಕ ಈ ಆಸರೆ ಸಿಕ್ಕಿದ್ದು ಬ್ಯಾಂಕು, ರೈಲ್ವೆ ಮತ್ತು ತೈಲ ಕಂಪನಿಗಳ ತಂಡಗಳಲ್ಲಿ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ, ರಘುನಾಥ್ ಇಂಡಿಯನ್ ಆಯಿಲ್‌ನಲ್ಲಿ ಇದ್ದು ಆಡಿದವರು. ಆಡಿದರೆ ಕೆಲಸ ಸಿಗುತ್ತದೆ ಎಂಬ ನಂಬಿಕೆ ಹಳ್ಳಿಯ ತಂದೆತಾಯಿಗಳಲ್ಲಿ ಬೇರೂರಿದ್ದು ಇಂಥ ಉದಾಹರಣೆಗಳಿಂದಲೇ.

ಬೆಂಗಳೂರು. ಕೊಡಗಿನಿಂದ ಒಂದು ಹಗಲಿನ ಪ್ರಯಾಣದಲ್ಲಿ ಮುಟ್ಟಬಹುದಾದ ಬೆಂಗಳೂರಿನಲ್ಲಿ ಸೇನಾ ತಂಡಗಳು, ಸಾರ್ವಜನಿಕ ಉದ್ದಿಮೆಗಳ ತಂಡಗಳು, ಲೀಗ್ ಪಂದ್ಯಗಳು ಇದ್ದವು. ಅಕ್ಕಿತಿಮ್ಮನಹಳ್ಳಿಯ ರಾಜ್ಯ ಹಾಕಿ ಕ್ರೀಡಾಂಗಣಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಹೆಸರಿದೆ. ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಬೆಂಗಳೂರು ಕೇಂದ್ರದಲ್ಲಿ ರಾಷ್ಟ್ರೀಯ ತಂಡಗಳ ತರಬೇತಿ ಶಿಬಿರಗಳು ನಡೆಯುತ್ತವೆ. ಆಯ್ಕೆದಾರರ ಕಣ್ಣಿಗೆ ಬೀಳುವುದು ದೂರದ ಜಿಲ್ಲೆಗಳ ಆಟಗಾರರಿಗೆ ಇರುವ ದೊಡ್ಡ ತೊಡಕು. ಕೊಡಗಿನವರಿಗೆ ಆ ತೊಡಕು ಕಡಿಮೆಯಾಗಿತ್ತು.

ಕಣ್ಣೆದುರಿನ ಮಾದರಿ. ಒಲಿಂಪಿಕ್ಸ್ ಆಡಿ ಬಂದವರು ಪಕ್ಕದ ಊರಿನ ಮದುವೆಯಲ್ಲಿ ಎದುರಾಗುತ್ತಾರೆ, ಶಾಲೆಯ ಬಹುಮಾನ ವಿತರಣೆಗೆ ಬರುತ್ತಾರೆ. ಅಂಥ ಕಡೆ ಮಗುವಿಗೆ ಭಾರತ ತಂಡ ಪತ್ರಿಕೆಯ ಪುಟದಲ್ಲಷ್ಟೇ ಇರುವ ವಸ್ತುವಲ್ಲ. ಸೋಮವಾರಪೇಟೆಯಿಂದ ಗೋವಿಂದ, ಅರ್ಜುನ್ ಹಾಲಪ್ಪ, ಸುನಿಲ್ ಒಬ್ಬರ ಬಳಿಕ ಒಬ್ಬರು ಬಂದದ್ದನ್ನು ಆಕಸ್ಮಿಕವೆನ್ನಲಾಗದು.

ಕೊಡವ ಹಾಕಿ ಹಬ್ಬ

ಕೊಡಗಿನ ಹಾಕಿ ಎಂದೊಡನೆ ನೆನಪಾಗುವುದು ಒಕ್ಕಗಳ ನಡುವಿನ ಹಾಕಿ ಹಬ್ಬ. ಕೊಡವ ಭಾಷೆಯಲ್ಲಿ ಇದು ಹಾಕಿ ನಮ್ಮೆ. ನಿವೃತ್ತ ಬ್ಯಾಂಕ್ ಅಧಿಕಾರಿ ಪಾಂಡಂಡ ಕುಟ್ಟಪ್ಪ 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ಇದನ್ನು ಆರಂಭಿಸಿದರು. ಮೊದಲ ವರ್ಷ 60 ತಂಡಗಳು ಆಡಿದವು. ಪ್ರತಿವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ. ಆ ವರ್ಷದ ಹಬ್ಬಕ್ಕೆ ಆ ಒಕ್ಕದ್ದೇ ಹೆಸರು. 2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಒಕ್ಕ ನಡೆಸಿದ ಹಬ್ಬದಲ್ಲಿ 300ಕ್ಕೂ ಹೆಚ್ಚು ತಂಡಗಳಿದ್ದವು. 2024ರಲ್ಲಿ ಅದೇ ಊರಿನಲ್ಲಿ ಕುಂಡ್ಯೋಳಂಡ ಒಕ್ಕದ ಆತಿಥ್ಯದಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು.

ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ನಡೆಯುವ ಈ ಕೂಟದಲ್ಲಿ ತಂಡವೆಂದರೆ ಮನೆಮಂದಿ. ಅರವತ್ತು ದಾಟಿದ ಅಜ್ಜ ಹಿಂದೆ ನಿಂತು ಗೋಲು ಕಾಯುತ್ತಿರುತ್ತಾರೆ, ಸೈನ್ಯದಿಂದ ರಜೆ ಹಾಕಿ ಬಂದ ಮಗ ನಡುವೆ ಆಡುತ್ತಾನೆ, ಅಂಚಿನಲ್ಲಿ ಹೈಸ್ಕೂಲಿನ ಮೊಮ್ಮಗಳು ಚೆಂಡಿಗಾಗಿ ಓಡುತ್ತಾಳೆ. ಹೆಣ್ಣುಮಕ್ಕಳಿಗೂ ಗಂಡಸರ ಜೊತೆಗೇ ಆಟ. ಮದುವೆಯಾದವಳು ತವರಿನ ತಂಡಕ್ಕೆ ಆಡಬಹುದು, ಇಲ್ಲವೇ ಗಂಡನ ಮನೆಯ ತಂಡಕ್ಕೆ ಆಡಬಹುದು. ಧ್ವನಿವರ್ಧಕದಲ್ಲಿ ಕೊಡವ ಭಾಷೆಯ ವೀಕ್ಷಕ ವಿವರಣೆ ಕೇಳುತ್ತಿರುತ್ತದೆ. ಬೆಂಗಳೂರು, ಮೈಸೂರು, ಹೊರದೇಶಗಳಲ್ಲಿ ಇರುವವರು ಆ ಹೊತ್ತಿಗೆ ಊರಿಗೆ ಬರುತ್ತಾರೆ. ದೇಶಕ್ಕಾಗಿ ಆಡಿದವರೂ ತಮ್ಮ ಒಕ್ಕದ ಅಂಗಿ ತೊಟ್ಟು ಇಳಿಯುವುದುಂಟು.

ಈ ಹಬ್ಬವೇ ಕೊಡಗಿನ ಅಂತಾರಾಷ್ಟ್ರೀಯ ಯಶಸ್ಸಿಗೆ ಮೂಲ ಎಂದು ಹೇಳುವುದು ರೂಢಿ. ಕಾಲಕ್ರಮ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಗಣೇಶ್, ಗೋವಿಂದ, ಸೋಮಯ್ಯ, ಸುಬ್ಬಯ್ಯ ಎಲ್ಲರೂ ಹಬ್ಬ ಹುಟ್ಟುವ ಮೊದಲೇ ಒಲಿಂಪಿಕ್ಸ್ ಆಡಿ ಮುಗಿಸಿದ್ದರು. ಹಬ್ಬ ಕೊಡವ ಒಕ್ಕಗಳದ್ದಾಗಿರುವುದರಿಂದ ಸುನಿಲ್‌ರಂಥ ಆಟಗಾರರು ಅದರ ಅಂಗಳದಲ್ಲಿ ಬೆಳೆದವರೂ ಅಲ್ಲ. ಹಬ್ಬವು ನಾಡಿನಲ್ಲಿ ಆಗಲೇ ಇದ್ದ ಹಾಕಿ ಪ್ರೀತಿಯ ಫಲ. ಅದು ಆ ಪ್ರೀತಿಯನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ, ಸಾವಿರಾರು ಮಂದಿಯ ಕೈಗೆ ಕೋಲು ಕೊಡುತ್ತದೆ, ಆಟದ ಬಗ್ಗೆ ತಿಳಿದ ಪ್ರೇಕ್ಷಕರನ್ನು ಸೃಷ್ಟಿಸುತ್ತದೆ. ಆದರೆ ವರ್ಷಕ್ಕೊಮ್ಮೆ ಮಣ್ಣಿನ ಅಥವಾ ಹುಲ್ಲಿನ ಮೈದಾನದಲ್ಲಿ ಆಡುವ ಪಂದ್ಯ ಒಲಿಂಪಿಕ್ ಆಟಗಾರನನ್ನು ತಯಾರು ಮಾಡಲಾರದು.

ಟರ್ಫ್ ತಂದ ಬದಲಾವಣೆ

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಲಾಯಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಕೃತಕ ಹಾಸಿನ ಮೇಲೆ ಚೆಂಡು ನೆಗೆಯದೆ ನೇರವಾಗಿ, ವೇಗವಾಗಿ ಉರುಳುತ್ತದೆ. ಮಣಿಕಟ್ಟಿನ ಚುರುಕಿಗಿಂತ ಓಟದ ವೇಗ, ದಮ್ಮು, ಬಲವಾದ ಹೊಡೆತ, ಪೆನಾಲ್ಟಿ ಕಾರ್ನರ್‌ನ ಕರಾರುವಾಕ್ಕು ಮುಖ್ಯವಾದವು. ಗದ್ದೆಯ ಮೈದಾನ ಕಲಿಸುತ್ತಿದ್ದ ಪಾಠಕ್ಕೆ ಬೆಲೆ ತಗ್ಗಿತು.

ಟರ್ಫ್ ಹಾಸಲು ಕೋಟಿಗಟ್ಟಲೆ ಹಣ ಬೇಕು. ಆಡುವ ಮುನ್ನ ನೀರು ಹಾಯಿಸಬೇಕು. ಕೆಲವು ವರ್ಷಗಳಿಗೊಮ್ಮೆ ಹಾಸನ್ನೇ ಬದಲಿಸಬೇಕು. ಶಾಲೆಯೋ ಊರವರೋ ಇದನ್ನು ನಿಭಾಯಿಸಲಾರರು. ಹೀಗಾಗಿ ಆಟ ಊರಿನ ಕೈಯಿಂದ ಸರ್ಕಾರದ ಮತ್ತು ಸಂಸ್ಥೆಗಳ ಕೈಗೆ ಹೋಯಿತು. ಕೊಡಗಿನಲ್ಲಿ ಪೊನ್ನಂಪೇಟೆ, ಮಡಿಕೇರಿ, ಸೋಮವಾರಪೇಟೆಗಳಿಗೆ ಟರ್ಫ್ ಬಂದದ್ದು ತಡವಾಗಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಪೊನ್ನಂಪೇಟೆ ಕ್ರೀಡಾನಿಲಯ, ಕೂಡಿಗೆಯ ಕ್ರೀಡಾಶಾಲೆ, ಮಡಿಕೇರಿಯ ಸಾಯ್ ಕೇಂದ್ರ ಇಂದು ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಮುಖ್ಯ ತಾಣಗಳು. ಆದರೂ ಮೊದಲ ದರ್ಜೆಯ ಪಂದ್ಯಗಳಿಗಾಗಿ ಮತ್ತು ಕ್ರೀಡಾವಿಜ್ಞಾನದ ನೆರವಿಗಾಗಿ ಹದಿಹರೆಯದಲ್ಲೇ ಬೆಂಗಳೂರಿಗೆ ಹೋಗುವುದು ಅನಿವಾರ್ಯವಾಗಿದೆ.

ಇತರ ಕ್ರೀಡೆಗಳು ಮತ್ತು ಮಹಿಳೆಯರು

ಹಾಕಿಯಾಚೆಗೂ ಕೊಡಗು ಮೂಲದವರ ಸಾಧನೆ ಇದೆ. ಓಟಗಾರ್ತಿ ಅಶ್ವಿನಿ ನಾಚಪ್ಪ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮುಂದೆ ಗೋಣಿಕೊಪ್ಪದಲ್ಲಿ ಕ್ರೀಡೆಗೂ ಒತ್ತು ಕೊಡುವ ಶಾಲೆ ಕಟ್ಟುವುದರಲ್ಲಿ ತೊಡಗಿದರು. ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ಮಹಿಳಾ ತಂಡಗಳಲ್ಲಿದ್ದರು. ಅವರು ಬೆಳೆದದ್ದು ಮಂಗಳೂರಿನಲ್ಲಿ. ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣ 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಮೊದಲ ರ‍್ಯಾಂಕಿಗೆ ಏರಿದರು. ಸ್ಕ್ವಾಷ್ ಆಟಗಾರ್ತಿ ಜೋಶ್ನಾ ಚಿಣ್ಣಪ್ಪ ಅವರದು ಚೆನ್ನೈಯಲ್ಲಿ ನೆಲೆಸಿದ ಕೊಡವ ಮನೆತನ.

ಈ ಪಟ್ಟಿ ಒಂದು ಸಂಗತಿಯನ್ನು ತೋರಿಸುತ್ತದೆ. ಹಾಕಿಯ ಹೊರಗೆ ಮೇಲೇರಿದವರಲ್ಲಿ ಹೆಚ್ಚಿನವರು ಜಿಲ್ಲೆಯ ಹೊರಗಿನ ಸೌಕರ್ಯಗಳನ್ನು ಬಳಸಿಕೊಂಡವರು. ಟೆನಿಸ್, ಸ್ಕ್ವಾಷ್‌ನಂಥ ಆಟಗಳಲ್ಲಿ ಮನೆಯ ಆರ್ಥಿಕ ಅನುಕೂಲವೂ ಬೇಕು. ತೋಟದ ಆದಾಯವಿರುವ ಮನೆಗೆ ಸಾಧ್ಯವಾದದ್ದು ತೋಟದ ಕೂಲಿಯ ಮನೆಗೆ ಸಾಧ್ಯವಾಗಿಲ್ಲ. ಮಹಿಳಾ ಹಾಕಿಯಲ್ಲಿ, ಹಬ್ಬದಲ್ಲಿ ಹೆಣ್ಣುಮಕ್ಕಳು ಸಮಸಮವಾಗಿ ಆಡುವ ನಾಡಾದರೂ, ಒಲಿಂಪಿಕ್ ತಂಡಗಳಲ್ಲಿ ಕೊಡಗಿನ ಪಾಲು ಪುರುಷರ ಪಾಲಿನಷ್ಟು ಎದ್ದು ಕಾಣುವುದಿಲ್ಲ.

ಹೋಲಿಕೆ: ಸಂಸಾರ್‌ಪುರ ಮತ್ತು ಸುಂದರ್‌ಗಢ

ಕೊಡಗಿನ ಕಥೆಯನ್ನು ಭಾರತದ ಇನ್ನೆರಡು ಹಾಕಿ ನೆಲೆಗಳ ಜೊತೆ ಇಟ್ಟು ನೋಡಿದರೆ ಕಾರಣಗಳು ನಿಚ್ಚಳವಾಗುತ್ತವೆ. ಪಂಜಾಬಿನ ಜಲಂಧರ್ ದಂಡುಪ್ರದೇಶಕ್ಕೆ ಅಂಟಿಕೊಂಡ ಸಂಸಾರ್‌ಪುರ ಒಂದೇ ಹಳ್ಳಿಯಿಂದ ಹತ್ತಕ್ಕೂ ಹೆಚ್ಚು ಒಲಿಂಪಿಯನ್ನರು ಬಂದರು. 1975ರ ವಿಶ್ವಕಪ್ ಗೆದ್ದ ತಂಡದ ನಾಯಕ ಅಜಿತ್ ಪಾಲ್ ಸಿಂಗ್ ಆ ಹಳ್ಳಿಯವರು. ಅಲ್ಲಿಯೂ ಮೊದಲ ಪ್ರೇರಣೆ ಸೈನ್ಯದ ಮೈದಾನವೇ. ಟರ್ಫ್ ಯುಗ ಬಂದಾಗ ಹಳ್ಳಿ ಹಿಂದೆ ಬಿತ್ತು. ಆಟದ ಕೇಂದ್ರ ಜಲಂಧರ್ ನಗರದ ಸುರ್ಜಿತ್ ಅಕಾಡೆಮಿಯಂಥ ಸಂಸ್ಥೆಗಳಿಗೆ ಸರಿಯಿತು.

ಒಡಿಶಾದ ಸುಂದರ್‌ಗಢ ಇದಕ್ಕೆ ವಿರುದ್ಧದ ಉದಾಹರಣೆ. ಅಲ್ಲಿನ ಆದಿವಾಸಿ ಹಳ್ಳಿಗಳಲ್ಲೂ ಬಿದಿರು ಕೋಲಿನ ಹಾಕಿ ಇತ್ತು. ಆದರೆ ರೂರ್ಕೆಲಾದ ಪಾನ್‌ಪೋಶ್ ಕ್ರೀಡಾನಿಲಯ ಮತ್ತು ಸಾಯ್ ವಸತಿನಿಲಯಗಳು ಮಕ್ಕಳನ್ನು ಸಣ್ಣ ವಯಸ್ಸಿನಲ್ಲೇ ಆರಿಸಿ ಊಟ, ಓದು, ತರಬೇತಿ ಒಟ್ಟಿಗೆ ಕೊಟ್ಟವು. ಸೌನಾಮಾರಾ ಗ್ರಾಮದ ದಿಲೀಪ್ ತಿರ್ಕಿ ಮೂರು ಒಲಿಂಪಿಕ್ಸ್ ಆಡಿ ಭಾರತದ ನಾಯಕರಾದರು. 2018ರಿಂದ ಒಡಿಶಾ ಸರ್ಕಾರ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡಿತು. 2023ರ ವಿಶ್ವಕಪ್‌ಗಾಗಿ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಎದ್ದಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಬೀರೇಂದ್ರ ಲಾಕ್ರಾ ಮತ್ತು ಅಮಿತ್ ರೋಹಿದಾಸ್ ಸುಂದರ್‌ಗಢದವರು.

ಮೂರೂ ಕಡೆ ಊರಿನ ಒಲವು ಸಮಾನ. ಸಂಸಾರ್‌ಪುರದಲ್ಲಿ ಒಲವು ಉಳಿದು ವ್ಯವಸ್ಥೆ ದೂರವಾಯಿತು. ಸುಂದರ್‌ಗಢದಲ್ಲಿ ಒಲವಿದ್ದಲ್ಲಿಗೇ ವ್ಯವಸ್ಥೆ ಬಂತು. ಕೊಡಗು ಇವೆರಡರ ನಡುವೆ ಇದೆ.

ಇಂದಿನ ಸ್ಥಿತಿ

ರಿಯೊ ಬಳಿಕ ಕೊಡಗಿನ ಪಾಲು ಥಟ್ಟನೆ ಇಳಿಯಿತು. ರಘುನಾಥ್ ಮತ್ತು ಸುನಿಲ್ ತಲೆಮಾರು ನಿವೃತ್ತಿಯಾದ ಮೇಲೆ ಆ ಜಾಗ ತುಂಬುವವರು ಬರಲಿಲ್ಲ. ನಾಲ್ಕು ದಶಕಗಳ ಬಳಿಕ ಭಾರತಕ್ಕೆ ಒಲಿಂಪಿಕ್ ಹಾಕಿ ಪದಕ ತಂದ ಟೋಕಿಯೊ ತಂಡದಲ್ಲಿ ಕೊಡಗಿನ ಆಟಗಾರರು ಯಾರೂ ಇರಲಿಲ್ಲ. 2024ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಗೆದ್ದ ತಂಡದಲ್ಲೂ ಇರಲಿಲ್ಲ. ಉದ್ಯೋಗಕ್ಕಾಗಿ ಯುವಕರು ನಗರ ಸೇರುತ್ತಿರುವುದು ಮತ್ತು ಇತರ ರಾಜ್ಯಗಳು ಕ್ರೀಡಾನಿಲಯಗಳಿಗೆ ಹೆಚ್ಚು ಹಣ ಹೂಡಿದ್ದು ಇದಕ್ಕೆ ಮುಖ್ಯ ಕಾರಣಗಳು.

ಪ್ರಾದೇಶಿಕ ಯಶಸ್ಸಿಗೆ ಎರಡು ಆಸರೆ ಬೇಕೆಂಬುದನ್ನು ಕೊಡಗಿನ ಇತಿಹಾಸ ಸ್ಪಷ್ಟಪಡಿಸುತ್ತದೆ. ಮಗುವಿನ ಕೈಗೆ ಕೋಲು ಕೊಡುವುದು ಮನೆ ಮತ್ತು ಊರು. ಆ ಮಗುವನ್ನು ಹನ್ನೆರಡರಿಂದ ಇಪ್ಪತ್ತೆರಡರವರೆಗೆ ಬಿಡದೆ ಕಾಯುವುದು ಮೈದಾನ, ತರಬೇತುದಾರ, ಊಟ, ಉದ್ಯೋಗಗಳನ್ನು ಒದಗಿಸುವ ಸಂಸ್ಥೆ. ಸೈನ್ಯ ಮತ್ತು ಸಾರ್ವಜನಿಕ ಉದ್ದಿಮೆಗಳು ಈ ಎರಡನೆಯ ಕೆಲಸ ಮಾಡುತ್ತಿದ್ದಾಗ ಕೊಡಗು ನಾಯಕರನ್ನು ಕೊಟ್ಟಿತು. 2024ರಲ್ಲಿ ನಾಪೋಕ್ಲುವಿನ ಹಬ್ಬಕ್ಕೆ 360 ತಂಡಗಳು ಇಳಿದವು; ಅದೇ ವರ್ಷ ಪ್ಯಾರಿಸ್‌ಗೆ ಹೋದ ಭಾರತ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ಜಿಲ್ಲೆಯಲ್ಲಿ ಹಾಕಿ ಆಡುವವರ ಕೊರತೆ ಇಲ್ಲ. ಅವರನ್ನು ಮೇಲಕ್ಕೆ ಒಯ್ಯುವ ವ್ಯವಸ್ಥೆಯ ಕೊರತೆ ಇದೆ.